ನುಡಿ ಹೊಳ್ಳಿ ಕೊಟ್ಟ ರಾಜಶ್ರೀ

ಮೋರಟಗಿಯ ಶಾಲೆಗೆ ವರ್ಗವಾಗಿ ಬಂದ ಮೊದಲ ದಿನವೇ ಬಸಂತರಾಯ ಮಾಸ್ತರರ ಪಾಠ ಅರ್ಧಕ್ಕೆ ನಿಂತಿತು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಥಟ್ಟನೆ ಎದ್ದು, “ತ್ರೀ ಫೇಸ್ ಬಂತ್ರಿ ಸರ್, ಮೋಟಾರ ಚಾಲೂ ಮಾಡಿ ಬರ್ತೇನಿ” ಎಂದವಳೇ ಹೊರಗೆ ಓಡಿಬಿಟ್ಟಳು. ದೂರದ ಹೊಲದ ಗುಡಿಸಲಿಗೆ ಅವಳಪ್ಪ ಸೋಮನಿಂಗ ಕಟ್ಟಿದ್ದ ಕೆಂಪು ಬಲ್ಬು ಆ ಕಿಟಕಿಗೆ ಕಾಣುತ್ತಿತ್ತು; ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಂದಾಗ ಅದು ಹೊತ್ತುತ್ತಿತ್ತು. ಅವನು ಕುರಿ ಮೇಯಿಸಲು ಹೋದ ದಿನ ಬೋರಿನ ಮೋಟಾರು ಹಚ್ಚುವುದು ಮಗಳ ಕೆಲಸ.

ಸ್ವಲ್ಪ ಹೊತ್ತಿಗೆ ಅವಳು ಒದ್ದೆ ಲಂಗದಲ್ಲಿ ತಿರುಗಿ ಬಂದಳು. ಮಾಸ್ತರರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು.

“ಆ ಕರೆಂಟು ಎಲ್ಲಿಂದ ಬರ್ತೈತಿ, ಗೊತ್ತೈತೇನವಾ?”

“ಟೀಸಿಯಿಂದ್ರಿ,” ಎಂದು ಅವಳು ಹೊಲದಂಚಿನ ಟ್ರಾನ್ಸ್‌ಫಾರ್ಮರಿನ ಕಡೆ ಕೈ ಮಾಡಿದಳು.

“ಟೀಸಿಗೆ?”

ಮಾಸ್ತರರು ಆಲಮಟ್ಟಿಯ ನೀರು, ಕಲ್ಲಿದ್ದಲು ಎಲ್ಲ ಹೇಳಿ, ಕೊನೆಗೆ ಕಾರವಾರದ ಕಡೆಯ ಕಾಡಿನಲ್ಲಿ ಅಣು ಒಡೆದು ಕರೆಂಟು ಮಾಡುತ್ತಾರೆ ಎಂದರು.

“ಒಡದ್ರ ಸಪ್ಪಳ ಬರಂಗಿಲ್ಲೇನ್ರಿ?” ಎಂದಳು ರಾಜಶ್ರೀ.

ಆ ಸಪ್ಪಳ ಕೇಳಲೇಬೇಕೆಂಬ ಹಟ ಅವಳನ್ನು ಬಿಡಲಿಲ್ಲ. ಸಿಂದಗಿಯ ಕಾಲೇಜು, ವಿಜಯಪುರದಲ್ಲಿ ಇಂಜಿನಿಯರಿಂಗ್, ಆಮೇಲೆ ನಾಲ್ಕಾರು ರಾಜ್ಯಗಳಲ್ಲಿ ಅಣುಸ್ಥಾವರ ನಡೆಸುವ ದೊಡ್ಡ ವಿದ್ಯುತ್ ಕಂಪನಿಯ ತರಬೇತಿ. ಕುರಿಗಾರನ ಮಗಳು ಕಾಡಿನ ನಡುವಿನ ಆ ಸ್ಥಾವರದ ಬಾಗಿಲಿಗೆ ಬಂದು ನಿಂತಳು. ಸಪ್ಪಳ ಬರಲಿಲ್ಲ. ಬಂದದ್ದು ಗೋಡೆಯುದ್ದಕ್ಕೂ ಮಿನುಗುವ ದೀಪಗಳು, ಮೀಟರಿನ ಮುಳ್ಳುಗಳು, ಗುಂಡಿಗಳು. ಆ ನಿಯಂತ್ರಣ ಕೊಠಡಿಯಲ್ಲಿ ಕೂರಬೇಕಾದರೆ ಪರವಾನಗಿ ಬೇಕು. ಪರವಾನಗಿಗೆ, ಅದರಂತೆಯೇ ಕಟ್ಟಿದ ನಕಲು ಕೊಠಡಿಯೊಂದರಲ್ಲಿ ಪರೀಕ್ಷೆ ಕೊಡಬೇಕು.

ಅಲ್ಲಿಯ ಮುಖ್ಯ ನಿಯಮವೆಂದರೆ, ಪಾಳಿಯ ಮುಖ್ಯಸ್ಥರು ಏನು ಹೇಳಿದರೂ ಕೇಳಿದವರು ಅದೇ ಮಾತನ್ನು ತಿರುಗಿ ಹೇಳಬೇಕು. ಅವರು “ಸರಿ” ಎಂದ ಮೇಲೆಯೇ ಗುಂಡಿಗೆ ಕೈ ಹಚ್ಚಬೇಕು. ಬೇರೆಯವರ ಮುಂದೆ ಅವಳಿಗದು ಕಷ್ಟವಾಗಿರಲಿಲ್ಲ. ಆದರೆ ಪರೀಕ್ಷೆಯ ದಿನ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತವರು ಇಂಡಿ ಊರಿನ ಶ್ರೀಶೈಲ ಸಾಹೇಬರು, ಅಪ್ಪನ ವಯಸ್ಸಿನವರು, ಅಪ್ಪನಂಥದೇ ಮೀಸೆ. ಒಂದು ಪಂಪು ಚಾಲೂ ಮಾಡಲು ಅವರು ಇಂಗ್ಲಿಷಿನಲ್ಲೇ ಹೇಳಿದರು. ಅವಳ ಬಾಯಿಂದ ಬಂದದ್ದು “ಹೂಂರಿ”. ಪಂಪನ್ನು ಸರಿಯಾಗಿಯೇ ಚಾಲೂ ಮಾಡಿದಳು. ಮುಂದಿನ ಮಾತಿಗೂ ಹೂಂರಿ, ಅದರ ಮುಂದಿನದಕ್ಕೂ ಹೂಂರಿ.

ಫೇಲಾದಳು.

“ಕೆಲಸ ಬರಾಬರಿ ಮಾಡಿದಿ ತಂಗಿ,” ಎಂದರು ಶ್ರೀಶೈಲರು ಹೊರಗೆ ಬಂದ ಮೇಲೆ. “ಆದ್ರ ನಾ ಹೇಳಿದ್ದು ನಿನಗೇನ್ ಕೇಳಸ್ತು ಅಂತ ನನಗ ಹೆಂಗ ತಿಳೀಬೇಕು?”

“ಹೂಂ ಅಂದ್ನೆಲ್ರಿ.”

“ನಮ್ಮ ಕಡಿ ಹೂಂ ನನಗ ಕಲಸ್ತಿಯೇನು? ಕತಿ ಕೇಳಕೋತನೂ ಹೂಂ ಅಂತೇವಿ, ನಿದ್ದಿಗಣ್ಣಾಗೂ ಹೂಂ ಅಂತೇವಿ. ಹೆಣ್ಣು ಕೊಡೂ ಮನಸಿಲ್ಲದಾಗಂತೂ ಗಟ್ಟ್ಯಾಗಿ ಹೂಂ ಅಂತೇವಿ.”

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. ಇನ್ನು ಒಂದೇ ಅವಕಾಶ. ಅದೂ ತಪ್ಪಿದರೆ ಆ ಕೊಠಡಿಯ ಕುರ್ಚಿ ಕನಸೇ ಸರಿ, ಬೇರೆ ವಿಭಾಗಕ್ಕೆ ಹಾಕುತ್ತಾರೆ. ಆದರೆ ನಾಲಿಗೆ ಹೊರಳಬೇಕಲ್ಲ. ಚಿಕ್ಕವಳಿದ್ದಾಗ ಅಪ್ಪ ಅಂದ ಮಾತನ್ನು ಹಾಗೆಯೇ ತಿರುಗಿ ಅಂದದ್ದಕ್ಕೆ, “ಹಿರೇರನ್ನ ಅಣಕಸ್ತಿಯೇನ?” ಎಂದು ದೊಡ್ಡವ್ವ ತಲೆಗೆ ಕೊಟ್ಟ ಏಟು ಇನ್ನೂ ನೆನಪಿತ್ತು.

ಅದೇ ಸುಮಾರಿಗೆ ಆಲಮೇಲದಲ್ಲಿ ಸೋದರಮಾವನ ಮಗ ಕಾಂತುವಿನ ಮದುವೆ. ರಜೆ ಹಾಕಿ ಬಂದಳು. ಹಂದರದ ಕೆಳಗೆ ಮದುಮಗನಿಗೆ ಅರಿಷಿಣ ಹಚ್ಚುತ್ತಿದ್ದರು. ಅವ್ವನ ತಾಯಿ, ಆಯಿ ಸುಂದರವ್ವ ಮುಂದಾಗಿ ಸೋಬಾನದ ಒಂದು ನುಡಿ ಹೇಳುವುದು, ಎದುರಿಗೆ ಕುಳಿತ ಸಾಲು ಅದನ್ನೇ ಎತ್ತಿಕೊಂಡು ತಿರುಗಿ ಹೇಳುವುದು. ರಾಜಶ್ರೀ ಆ ಸಾಲಿನಲ್ಲಿದ್ದಳು. ಮನಸ್ಸು ಪರೀಕ್ಷೆಯಲ್ಲಿತ್ತು, ಬಾಯಿ ಸುಮ್ಮನೆ ಹೂಂಗುಟ್ಟುತ್ತಿತ್ತು.

ಆಯಿ ಹಾಡು ನಿಲ್ಲಿಸಿದಳು. “ಏ ರಾಜಿ, ದುಂಬಿ ಹಂಗ ಗುಂಯ್ ಅನಬ್ಯಾಡ. ನಾ ಕೊಟ್ಟ ನುಡಿ ನನಗ ಹೊಳ್ಳಿ ಕೊಡು. ಕೊಡದಿದ್ರ ಮುಂದಿಂದು ನಾ ಹೆಂಗ ಹಿಡೀಲಿ?”

ರಾಜಶ್ರೀ ತಲೆ ಎತ್ತಿದಳು. “ಆಯಿ, ಹಿರೇರ ಮಾತು ಹೊಳ್ಳಿ ಅಂದ್ರ ಅಣಕಿಸಿದಂಗ ಆಗಂಗಿಲ್ಲೇನು?”

“ಅಣಕಸಾಕ ಮಾರಿ ಸೊಟ್ಟ ಮಾಡಬೇಕಾಗ್ತೈತಿ. ನಿಂದು ನೆಟ್ಟಗ ಐತೆಲ್ಲ, ಹಾಡು.”

ಹೆಂಗಸರೆಲ್ಲ ನಕ್ಕರು. ರಾಜಶ್ರೀಗೆ ಮಾತ್ರ ಥಟ್ಟನೆ ಹೊಳೆಯಿತು: ಹುಟ್ಟಿದಾಗಿನಿಂದ ಆಯಿಯ ಮಾತನ್ನು ತಿರುಗಿ ಕೊಡುತ್ತಲೇ ಬಂದಿದ್ದೇನಲ್ಲ! ಅರಿಷಿಣದ ಕೈಯಲ್ಲೇ ನೆಟ್ಟಗೆ ಕುಳಿತು, ಅಂದು ಸಂಜೆಯವರೆಗೆ ಎಲ್ಲರಿಗಿಂತ ಗಟ್ಟಿಯಾಗಿ ನುಡಿ ಎತ್ತಿದಳು. ಮರುದಿನ ದನಿ ಬಿದ್ದುಹೋಗಿತ್ತು.

ಎರಡನೆಯ ಪರೀಕ್ಷೆ. ಗಾಜಿನ ಆಚೆ ಪರೀಕ್ಷಕರು, ಕುರ್ಚಿಯಲ್ಲಿ ಅದೇ ಶ್ರೀಶೈಲರು. ಒಮ್ಮೆಲೇ ಎಚ್ಚರಿಕೆಯ ಗಂಟೆ ಮೊಳಗಿತು. ಒಂದರ ಹಿಂದೊಂದು ದೀಪಗಳು ಕೆಂಪಗಾದವು. ಉಗಿ ತಯಾರಿಸುವ ಪಾತ್ರೆಗೆ ನೀರು ನೂಕುವ ಮೊದಲ ಪಂಪು ನಿಂತಿತ್ತು. ಅಪ್ಪಣೆ ಬಂತು. ಅವಳ ಕಣ್ಣ ಮುಂದೆ ಆಯಿಯ ಹಂದರವಿತ್ತು. ನುಡಿ ಬಂತು, ನುಡಿ ಕೊಟ್ಟಳು. “ಸರಿ” ಬಂತು, ಕೈ ಹಚ್ಚಿದಳು. ಮತ್ತೆ ಬಂತು, ಮತ್ತೆ ಕೊಟ್ಟಳು. ಮುಳ್ಳುಗಳು ಒಂದೊಂದಾಗಿ ಜಾಗಕ್ಕೆ ಮರಳತೊಡಗಿದವು.

ಆಗ ಶ್ರೀಶೈಲರು, ಎರಡನೆಯ ಪಂಪಿನ ಬದಲು ರಿಪೇರಿಗೆ ಬಿಚ್ಚಿಟ್ಟ ಮೂರನೆಯದನ್ನು ಚಾಲೂ ಮಾಡಲು ಹೇಳಿಬಿಟ್ಟರು.

“ಮೂರನೆಯ ಪಂಪು ಚಾಲೂ,” ಎಂದು ಅವಳು ಕೇಳಿದ್ದನ್ನು ಕೇಳಿದಂತೆಯೇ ಇಂಗ್ಲಿಷಿನಲ್ಲಿ ತಿರುಗಿ ಹೇಳಿ, ಕೈ ಕಟ್ಟಿ ನಿಂತಳು.

ತಮ್ಮ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಶ್ರೀಶೈಲರು ತಲೆ ಎತ್ತಿದರು. “ತಪ್ಪು. ಎರಡನೆಯದು.”

“ಎರಡನೆಯ ಪಂಪು ಚಾಲೂ.”

“ಸರಿ.”

ನೀರು ಏರಿತು. ಗಂಟೆ ನಿಂತಿತು. ಹೊರಗೆ ಬಂದಾಗ, “ಬೇಕಂತ ಹಂಗಂದ್ರೇನ್ರಿ ಸರ್?” ಎಂದು ಕೇಳಿದಳು. ಶ್ರೀಶೈಲರು ಮೀಸೆ ತಿರುವಿ, “ಹೂಂ” ಎಂದು ನಡೆದುಬಿಟ್ಟರು. ಯಾವ ಹೂಂ ಎಂಬುದು ಅವಳಿಗೆ ಇಂದಿಗೂ ತಿಳಿದಿಲ್ಲ. ಪರವಾನಗಿ ಮಾತ್ರ ಕೈಗೆ ಬಂತು. ಸಿಂದಗಿಯಲ್ಲಿ ನಿವೃತ್ತರಾಗಿರುವ ಬಸಂತರಾಯ ಮಾಸ್ತರರಿಗೆ ಮೊದಲು ಫೋನು ಮಾಡಿ, “ಸಪ್ಪಳ ಬರಂಗಿಲ್ರಿ ಸರ್, ನಾನಽ ಮಾಡಬೇಕ್ರಿ” ಎಂದಳು.

ಈಗ ಅವಳು ನಿಜವಾದ ಕೊಠಡಿಯಲ್ಲಿ ಪಾಳಿಗೆ ಕೂರುತ್ತಾಳೆ. ದುರಸ್ತಿಗೆಂದು ನಿಲ್ಲಿಸಿದ್ದ ಘಟಕ ಈ ವಾರ ಮತ್ತೆ ಚಾಲೂ ಆಗುತ್ತಿದೆ. ಕೊಠಡಿಯ ತುಂಬ ಅದರದೇ ಸಂಭ್ರಮ. ಪಕ್ಕದಲ್ಲಿ ಮುದ್ದೇಬಿಹಾಳದಿಂದ ಹೊಸದಾಗಿ ಬಂದ ವಿದ್ಯಾವತಿ ತರಬೇತಿಗೆ ನಿಂತಿದ್ದಾಳೆ. ನಿನ್ನೆ ರಾಜಶ್ರೀ ಏನೋ ಹೇಳಿದ್ದಕ್ಕೆ ಅವಳು ಮೆಲ್ಲಗೆ, “ಹೂಂರಿ ಅಕ್ಕಾರ” ಎಂದಳು.

ರಾಜಶ್ರೀ ಮುಳ್ಳುಗಳಿಂದ ಕಣ್ಣು ತೆಗೆಯದೆ, “ನುಡಿ ಹೊಳ್ಳಿ ಕೊಡವಾ” ಎಂದು ಕಾದಳು.