ತೂಕದ ಸಾಹೇಬರು ರೌಟರ್ ಕೊಂಡದ್ದು

ಅಂಗಡಿಯವನು ಎದ್ದು ಬಂದು ಕುರ್ಚಿ ಹಾಕಿದನೆಂದರೆ ತೂಕದ ಸಾಹೇಬರು ಮೊದಲು ತಕ್ಕಡಿಯ ತಟ್ಟೆಯನ್ನು ಮಗುಚಿ ನೋಡುತ್ತಿದ್ದರು. ಕುಡಿಯಲು ಏನಾದರೂ ತರಿಸಲೇ ಎಂದು ಕೇಳಿದರೆ ತೂಕದ ಕಲ್ಲುಗಳನ್ನೂ ತಿರುಗಿಸುತ್ತಿದ್ದರು. ತಟ್ಟೆಯಡಿ ಅಂಟಿಸಿದ ಮೇಣ, ಕಲ್ಲಿನ ಹೊಟ್ಟೆಯಿಂದ ಕೊರೆದು ತೆಗೆದ ಸೀಸ, ಎಲ್ಲವನ್ನೂ ಹೀಗೇ ಹಿಡಿದವರು ಅವರು. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಹಿಡಿಯಲು ಅಂಗಡಿಗಳಿರಲಿಲ್ಲ. ಹಾಗಾಗಿ ಮನೆಗೆ ಬರುವ ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡದೆ ಒಳಗೆ ಬಿಡುತ್ತಿರಲಿಲ್ಲ.

“ಮದುವೆಗೆ ಮುಂಚೆ ನನ್ನನ್ನೂ ಹೀಗೇ ನೋಡಿದ್ರು,” ಎನ್ನುತ್ತಿದ್ದರು ಅವರ ಹೆಂಡತಿ. “ಸೀಲು ಒತ್ತಿಲ್ಲ, ಅಷ್ಟೇ.”

ಮಗಳದ್ದು ಮನೆಯಿಂದಲೇ ಮಾಡುವ ಕೆಲಸ. ಅವಳು ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದವರು ಆಸ್ಪತ್ರೆಗೆ ಹೋದರೆ ವೈದ್ಯರ ಮೇಜಿನ ಮೇಲಿನ ಪರದೆಯಲ್ಲಿ ಇವಳು ಕಾಣಿಸಿಕೊಳ್ಳುತ್ತಾಳೆ. ವೈದ್ಯರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳುತ್ತಾಳೆ, ರೋಗಿ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುತ್ತಾಳೆ. ಇತ್ತೀಚೆಗೆ ಮನೆಯ ವೈಫೈ ಆಗಾಗ ಕೈಕೊಡತೊಡಗಿತ್ತು. ಒಂದು ಬೆಳಿಗ್ಗೆ ಒಬ್ಬ ತಾಯಿಗೆ ಮಗುವಿನ ಔಷಧಿಯ ವಿಷಯ ತಿಳಿಸುವಾಗ ‘ಈ ಔಷಧಿ ಕೊಡಿ’ ಎನ್ನುವವರೆಗೆ ಅವಳ ಕೈ ಆಡಿತು. ‘ಜ್ವರ ಬಂದರೆ ಮಾತ್ರ’ ಎನ್ನುವ ಹೊತ್ತಿಗೆ ಚಿತ್ರ ಕಲ್ಲಾಗಿ ನಿಂತಿತು. ವೈದ್ಯರು ಮಾತನ್ನು ಕಾಗದದಲ್ಲಿ ಬರೆದು ತೋರಿಸಿದ್ದರಿಂದ ಅನಾಹುತ ತಪ್ಪಿತು. ಆದರೆ ಮೇಲ್ವಿಚಾರಕಿ ಫೋನ್ ಮಾಡಿದರು. ಗುರುವಾರ ಮಧ್ಯಾಹ್ನದ ಕರೆಯಲ್ಲಿ ತಾವೂ ಕೂತು ನೋಡುವುದಾಗಿ, ಆಗಲೂ ಸಂಪರ್ಕ ಕಡಿದರೆ ಅವಳನ್ನು ಕೆಲಸದಿಂದ ಬಿಡಿಸಬೇಕಾಗುವುದಾಗಿ ಹೇಳಿದರು. ಮಗಳು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಸಾಹೇಬರ ಅನುಮಾನ ಮೊದಲು ಹೋದದ್ದು ಮೇಲಿನ ಮನೆಗೆ. ಅಲ್ಲಿ ಬಾಡಿಗೆಗಿದ್ದವನು ಹರಿದ, ಮಾಸಿದ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಹೊಸದಾಗಿಸುವವನು. ಹಿಂದೊಮ್ಮೆ ಅವನ ನೆಟ್ ಕೆಟ್ಟಾಗ ಮಗಳೇ ಪಾಸ್‌ವರ್ಡ್ ಕೊಟ್ಟಿದ್ದಳು. ಸಾಹೇಬರು ಆ ಪಾಸ್‌ವರ್ಡ್ ಬದಲಿಸಿದರು. ನೆಟ್ ಮತ್ತೆ ಹೋಯಿತು. ಆಮೇಲೆ ಅನುಮಾನ ಹೊರಗಿನ ಲೈನಿನ ಮೇಲೆ ತಿರುಗಿತು. ಹಾಲ್‌ನಲ್ಲಿದ್ದ ಹಳೆಯ ಕಂಪ್ಯೂಟರನ್ನು ಕೇಬಲ್ಲಿನಿಂದ ನೇರವಾಗಿ ರೌಟರಿಗೆ ಸಿಕ್ಕಿಸಿ ಒಂದು ಇಡೀ ಹಗಲು ಕಾದು ಕೂತರು. ಒಮ್ಮೆಯೂ ಕಡಿಯಲಿಲ್ಲ. ಅಲ್ಲಿಗೆ ಲೈನು ಸಾಚಾ, ತಪ್ಪಿರುವುದು ರೌಟರಿನ ವೈಫೈನಲ್ಲಿ ಎಂದು ತೀರ್ಮಾನವಾಯಿತು. ಮಗಳೂ ಕೇಬಲ್ಲಿನಲ್ಲೇ ಕೆಲಸ ಮಾಡಬಹುದಿತ್ತು. ಆದರೆ ಆಸ್ಪತ್ರೆಯವರು ಕೊಟ್ಟ ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿ ಇರಲಿಲ್ಲ, ಅದಕ್ಕೆ ಬೇರೆ ಏನನ್ನೂ ಜೋಡಿಸುವಂತೆಯೂ ಇರಲಿಲ್ಲ.

ಭಾನುವಾರ ಅಪ್ಪ-ಮಗಳು ಅಂಗಡಿಗೆ ಹೋದರು. ಅಂಗಡಿಯವನು ಜೇಡದಂತೆ ಮೈತುಂಬ ಕಾಲೆತ್ತಿಕೊಂಡಿದ್ದ ಒಂದು ಪೆಟ್ಟಿಗೆಯನ್ನು ಮುಂದಿಟ್ಟ.

“ಇದು ನೋಡಿ ಸಾರ್, ಎಂಟು ಆಂಟೆನಾ!”

“ಕೊಂಬು ಜಾಸ್ತಿ ಇದ್ರೆ ಹಾಲು ಜಾಸ್ತಿ ಕೊಡುತ್ತೇನಪ್ಪಾ?” ಎಂದು ಸಾಹೇಬರು ಕನ್ನಡಕ ಏರಿಸಿ ಪೆಟ್ಟಿಗೆಯ ಮೇಲಿನ ಬರಹ ಓದಿದರು. “ಇಷ್ಟು ವೇಗದವರೆಗೆ ಅಂತ ಹಾಕಿದ್ದಾರಲ್ಲ, ಈ ‘ವರೆಗೆ’ ಅಂದ್ರೇನು?”

“ಅಂದ್ರೆ... ಅಲ್ಲಿವರೆಗೂ ಹೋಗಬಹುದು ಸಾರ್.”

“ಒಂದು ಕಿಲೋವರೆಗೆ ಸಕ್ಕರೆ ಅಂತ ಬರೆದು ಮಾರಿದ್ರೆ ನಾನು ಆ ಅಂಗಡಿಗೆ ಬೀಗ ಜಡಿಸ್ತಿದ್ದೆ.”

“ಅಪ್ಪಾ, ಸ್ವಲ್ಪ ಸುಮ್ನಿರಿ,” ಎಂದು ಮಗಳು ಅವರ ತೋಳು ಎಳೆದು ತನಗೆ ಬೇಕಾದ್ದನ್ನು ಕೇಳಿದಳು. ಗೋಡೆ ದಾಟಿ ದೂರ ಹೋಗುವ ಅಲೆ, ಹತ್ತಿರದಲ್ಲಿ ವೇಗವಾಗಿ ಓಡುವ ಅಲೆ, ಎರಡೂ ಇವೆಯೇ? ಕಂಪನಿಯವರು ಎಷ್ಟು ಕಾಲ ಅಪ್‌ಡೇಟ್ ಕೊಡುತ್ತಾರೆ? ಸರಿಬರದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ? ಎಲ್ಲಕ್ಕೂ ಸರಿಯಾದ ಉತ್ತರ ಸಿಕ್ಕಿದ್ದು ಮೂಲೆಯಲ್ಲಿದ್ದ ಒಂದು ಸಾದಾ ಕಪ್ಪು ರೌಟರಿಗೆ. ಎರಡು ಮಲಗುವ ಕೋಣೆಯ ಮನೆಗೆ ಅದು ಧಾರಾಳವಾಗಿ ಸಾಕು.

“ಒಳ್ಳೇ ಆಯ್ಕೆ ಸಾರ್,” ಎಂದು ಅಂಗಡಿಯವನು ನಕ್ಕ. ಅಲ್ಲಿಯವರೆಗೆ ಆ ರೌಟರಿನ ಮೇಲೆ ಅನುಮಾನವಿರಲಿಲ್ಲ. ಆ ನಗುವಿನಿಂದ ಅದೂ ಹುಟ್ಟಿತು.

ಹೊಸದನ್ನು ಮಗಳೇ ಹಾಲ್‌ನ ಎತ್ತರದ ಹಲಗೆಯ ಮೇಲೆ, ಸುತ್ತ ಅಡ್ಡವಿಲ್ಲದ ಕಡೆ ಕೂರಿಸಿದಳು. ಮನೆಯ ಎಲ್ಲ ಫೋನುಗಳಲ್ಲೂ ಬದಲಿಸುತ್ತ ಕೂರಬೇಕಾಗುತ್ತದೆಂದು ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅದಕ್ಕೂ ಇಟ್ಟಳು. ಹಳೆಯದನ್ನು ಗುಜರಿಗೆ ಹಾಕಿ ಎಂದು ಅಪ್ಪನ ಕೈಗೆ ಕೊಟ್ಟಳು.

ಎರಡು ದಿನ ಎಲ್ಲವೂ ಸುಸೂತ್ರ. ಮಂಗಳವಾರ ಸಂಜೆಯಿಂದ ಮತ್ತೆ ಅದೇ ಹಾಡು. ಚಿತ್ರ ನಿಲ್ಲುವುದು, ತಿರುಗುವುದು, ಹೋಗುವುದು. ಗುರುವಾರ ಬೆಳಿಗ್ಗೆಯೂ ಒಮ್ಮೆ ಕಡಿಯಿತು. ಮಗಳು ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಬಂದು, “ಅಮ್ಮಾ, ಬೇರೆ ಕೆಲಸ ಹುಡುಕ್ತೀನಿ ಬಿಡು,” ಎಂದಳು. ಅಳು ಬಂದಿರಲಿಲ್ಲ, ಅದರಿಂದಲೇ ತಾಯಿಗೆ ಹೆಚ್ಚು ಹೆದರಿಕೆಯಾಯಿತು.

ಸಾಹೇಬರು ಚಪ್ಪಲಿಯನ್ನೂ ಮೆಟ್ಟದೆ ಮಹಡಿ ಹತ್ತಿದರು.

“ನಾನು ಬದಲಿಸಿದ ಪಾಸ್‌ವರ್ಡ್ ಎಲ್ಲಿಂದ ಸಿಕ್ತು?” ಬಾಗಿಲು ತೆರೆದ ಕೂಡಲೇ ಕೇಳಿದರು.

“ಯಾವ ಪಾಸ್‌ವರ್ಡ್ ಸಾಹೇಬ್ರೇ?” ಎಂದ ಫೋಟೋದವನು.

“ಏನೂ ಗೊತ್ತಿಲ್ಲದವರ ಹಾಗೆ ಆಡಬೇಡಿ. ಇಲ್ಲಿಂದ ದೊಡ್ಡ ದೊಡ್ಡ ಫೋಟೋ ಹೋಗೋದು, ಅಲ್ಲಿ ನನ್ನ ಮಗಳ ನೆಟ್ ಹೋಗೋದು.”

ಫೋಟೋದವನ ಮುಖ ಕಪ್ಪಿಟ್ಟಿತು. “ನಂದೇ ಬೇರೆ ಲೈನಿದೆ, ಒಳಗೆ ಬಂದು ನೋಡಿ. ಅಲ್ಲಾ ಸಾಹೇಬ್ರೇ, ನಿಮಗೇ ನಿಲ್ಲದ ನೆಟ್ಟನ್ನ ಕದ್ದು ನಾನೇನ್ ಮಾಡ್ಲಿ?”

ಸಿಟ್ಟಿನಲ್ಲಿದ್ದರೂ ಫೋಟೋದವನು ತನ್ನ ಫೋನ್ ತೆಗೆದ. ಸುತ್ತಮುತ್ತಲ ರೌಟರುಗಳನ್ನೆಲ್ಲ ಬಣ್ಣದ ಗುಡ್ಡಗಳಂತೆ ತೋರಿಸುವ ಒಂದು ಆ್ಯಪ್ ಅದರಲ್ಲಿತ್ತು. ಹತ್ತಿರದ್ದು ಎತ್ತರದ ಗುಡ್ಡ, ದೂರದ್ದು ಕುಳ್ಳ ಗುಡ್ಡ.

“ಇದು ನಂದು. ಇದು ಪಕ್ಕದ ಮನೇದು. ಇದು ನಿಮ್ದು... ಅರೆ, ಇದೂ ನಿಮ್ದೇ!” ಅವನು ಫೋನನ್ನು ಕಣ್ಣಿಗೆ ಹತ್ತಿರ ತಂದ. “ಎರಡು ಗುಡ್ಡ, ಒಂದೇ ಹೆಸರು. ಸಾಹೇಬ್ರೇ, ಯಾರೋ ನಿಮ್ಮ ಹೆಸರಲ್ಲಿ ಕಳ್ಳ ವೈಫೈ ನಡೆಸ್ತಿದ್ದಾನೆ. ನಿಮ್ಮ ಮಗಳ ಲ್ಯಾಪ್‌ಟಾಪ್ ಒಂದ್ಸಲ ಇದನ್ನ, ಒಂದ್ಸಲ ಅದನ್ನ ಹಿಡೀತಾ ಇರುತ್ತೆ. ಕಡಿಯದೆ ಇನ್ನೇನಾಗುತ್ತೆ?”

ಸಾಹೇಬರು ಫೋನಿನಿಂದ ಕಣ್ಣು ತೆಗೆದು ಮೆಟ್ಟಿಲಿನ ಕಡೆ ನೋಡಿದರು.

“ಬನ್ನಿ, ಹಿಡಿದೇ ಬಿಡೋಣ ಅವನನ್ನ,” ಎಂದು ಫೋಟೋದವನು ಸರಸರನೆ ಮೆಟ್ಟಿಲಿಳಿದ. ಇಳಿದಂತೆಲ್ಲ ಗುಡ್ಡ ಬೆಳೆಯಿತು. ಬೀದಿಯ ಕಡೆ ತಿರುಗಿದರೆ ಕುಗ್ಗಿತು, ಸಾಹೇಬರ ಬಾಗಿಲಿನ ಕಡೆ ತಿರುಗಿದರೆ ಮತ್ತೆ ಬೆಳೆಯಿತು. ಸಾಹೇಬರು ಒಂದು ಮಾತು ಹೇಳಿ ಅವನನ್ನು ತಡೆಯಬಹುದಿತ್ತು. ಆದರೆ ಜಫ್ತಿಗೆ ಹೊರಟವರನ್ನು ನಡುದಾರಿಯಲ್ಲಿ ತಡೆಯುವುದು ಅವರ ಜಾಯಮಾನವಲ್ಲ. ಹಿಂದೆಯೇ ನಡೆದರು. ಹಾಲ್ ದಾಟಿ, ಮಗಳ ಕೋಣೆಯ ಗೋಡೆಗೆ ತಾಗಿದ ಬೀರುವಿನ ಮುಂದೆ ಬಂದಾಗ ಗುಡ್ಡ ಪರದೆಯ ನೆತ್ತಿ ಮುಟ್ಟಿತು. ಅಡುಗೆಮನೆಯಿಂದ ಬಂದ ಹೆಂಡತಿ ಬೀರುವಿನ ಬಾಗಿಲು ತೆರೆದರು. ಮಡಿಸಿಟ್ಟ ಹೊದಿಕೆಗಳ ಹಿಂದೆ ಹಳೆಯ ರೌಟರ್ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು.

“ರೀ,” ಎಂದರು ಹೆಂಡತಿ, ಬಹಳ ಮೆತ್ತಗೆ.

“ಮಂಗಳವಾರ ಹಾಲ್ ಕಂಪ್ಯೂಟರಿನ ಕೇಬಲ್ ಇದಕ್ಕೆ ಸಿಕ್ಕಿಸಿ, ಹೋಲಿಸಿ ನೋಡೋಕೆ ಇಟ್ಟಿದ್ದೆ,” ಎಂದರು ಸಾಹೇಬರು. “ಹೊಸ ಕಲ್ಲನ್ನ ಒಂಟಿಯಾಗಿ ಹೇಗೆ ನಂಬೋದು? ಎರಡನ್ನೂ ಒಂದೇ ಸಮನಾಗಿ ನಡೆಸಿ ನೋಡಬೇಕು.”

ಬಾಗಿಲಲ್ಲಿ ಮಗಳು ನಿಂತಿದ್ದಳು. “ನನ್ನ ಕೆಲಸವನ್ನ ತಕ್ಕಡೀಲಿಟ್ಟು ನೋಡ್ತಿದ್ರಾ ಅಪ್ಪಾ? ನನಗೊಂದು ಮಾತು ಹೇಳಬಾರದಿತ್ತಾ?”

“ತಪಾಸಣೆಗೆ ಬರ್ತೀವಿ ಅಂತ ಮೊದಲೇ ಹೇಳಿದ್ರೆ ಅದು ತಪಾಸಣೆ ಹೇಗಾಗುತ್ತೆ?” ಎಂದರು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಹಗುರವೆಂದು ಅವರಿಗೇ ಕೇಳಿಸಿತು. ಎರಡು ಕಲ್ಲಿಗೂ ಒಂದೇ ಸೀಲು ಒತ್ತಿ, ಕಣ್ಣು ಮುಚ್ಚಿ ತೂಗುವವನನ್ನು ಕಂಡಿದ್ದರೆ ತಾವೇ ದಂಡ ಹಾಕುತ್ತಿದ್ದರು. ಕೈಚಾಚಿ ರೌಟರಿನ ವೈರನ್ನು ಎಳೆದರು. ಹಸಿರು ದೀಪ ಆರಿತು.

ನಂತರ ಫೋಟೋದವನ ಕಡೆ ತಿರುಗಿದರು. “ನಿಮ್ಮ ಮನೆ ಬಾಗಿಲಿಗೆ ಬಂದು ಕಳ್ಳ ಅನ್ನೋ ಹಾಗೆ ಮಾತಾಡಿದೆ. ತಪ್ಪು ನಂದು.”

“ಹೌದು, ತಪ್ಪೇ,” ಎಂದ ಅವನು. “ಬೇಜಾರಾಗಿದೆ. ಇವತ್ತೇ ಸರಿಹೋಗುತ್ತೆ ಅಂದ್ಕೋಬೇಡಿ.” ಹಾಗೆಂದವನು ಹೊರಟುಹೋಗಲಿಲ್ಲ. ಹೊಸ ರೌಟರಿಗೆ ಬೇರೆ ಹೆಸರಿಡಲು ಮಗಳಿಗೆ ಹೇಳಿ, ಅವಳ ಕೋಣೆಯೊಳಗೆ ಗುಡ್ಡ ಎಷ್ಟು ಎತ್ತರವಿದೆಯೆಂದು ಮೂಲೆ ಮೂಲೆಯಲ್ಲೂ ನಿಂತು ನೋಡಿದ. ಮೇಜನ್ನು ಕಿಟಕಿಯ ಪಕ್ಕದಿಂದ ಬಾಗಿಲಿನ ಪಕ್ಕಕ್ಕೆ ಎಳೆಸಿದ. ಆಮೇಲೆ ಮಹಡಿ ಹತ್ತಿದ.

ಮಧ್ಯಾಹ್ನ ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಸಾಹೇಬರು ಹೊರಗೆ ಸ್ಟೂಲಿನ ಮೇಲೆ ಕೂತರು. ಬಾಗಿಲಿನ ಮಸುಕು ಗಾಜಿನಲ್ಲಿ ಅವಳ ಕೈಗಳ ನೆರಳು ಮಾತ್ರ ಕಾಣುತ್ತಿತ್ತು. ಈ ಕೆಲಸದಲ್ಲಿ ಮೌನವನ್ನು ನಂಬುವಂತಿಲ್ಲ. ಮಗಳ ಕಿವಿಯ ಹೆಡ್‌ಫೋನಿನಲ್ಲಿ ವೈದ್ಯರು ಮಾತಾಡುತ್ತಿದ್ದರೂ ಹೊರಗೆ ಮೌನ, ನೆಟ್ ಹೋಗಿದ್ದರೂ ಹೊರಗೆ ಮೌನ. ನೆರಳು ಆಡುತ್ತಿರುವಷ್ಟು ಹೊತ್ತು ಸಾಹೇಬರು ಉಸಿರಾಡಿದರು. ನಡುವೆ ಒಮ್ಮೆ ಕೈಗಳು ಎದೆಯ ಮಟ್ಟದಲ್ಲಿ ನಿಂತುಬಿಟ್ಟವು. ಅವರು ಅರ್ಧ ಎದ್ದರು. ಆಗ ಒಳಗಿನಿಂದ ಮಗಳ ದನಿ ಬಂತು: “ರಾತ್ರಿ ಕೆಮ್ಮು ಜಾಸ್ತಿಯಂತೆ ಡಾಕ್ಟ್ರೇ, ಮಲಗಿದ್ರೆ ಇನ್ನೂ ಜಾಸ್ತಿಯಂತೆ.” ರೋಗಿ ಹೇಳುವುದನ್ನು ನೋಡುತ್ತಿದ್ದಳು, ಅಷ್ಟೇ. ಕೈಗಳು ಮತ್ತೆ ಎದ್ದವು.

ಬಾಗಿಲು ತೆರೆಯಿತು.

“ಕಡಿಯಲಿಲ್ವಾ?”

“ಇಲ್ಲ.”

“ಆ ಮೇಲ್ವಿಚಾರಕಿ ಏನಂದ್ರು?”

“ಕೆಲಸ ಮುಂದುವರಿಸು ಅಂದ್ರು.”

“ಬಾಯಲ್ಲಿ ಅಂದ್ರಾ, ಬರೆದು ಕೊಟ್ರಾ?”

ಮಗಳು ಅವರನ್ನೇ ನೋಡಿದಳು. ಉತ್ತರವನ್ನು ಕೈಯಲ್ಲೇ ಹೇಳಿದಳು, ಬೆರಳುಗಳ ಒಂದು ಚಿಕ್ಕ ತಿರುವು, ಗಲ್ಲಕ್ಕೊಂದು ತಟ್ಟು. ನೀರು ಕುಡಿಯಲು ಅಡುಗೆಮನೆಗೆ ಹೋದಳು. ಅಲ್ಲಿ ತಾಯಿ-ಮಗಳು ನಗುವುದು ಕೇಳಿಸಿತು. ಮಗಳು ಕೈಯಲ್ಲಿ ಹೇಳಿದ್ದು ಬೈಗುಳವೇ ಇರಬೇಕೆಂದು ಸಾಹೇಬರಿಗೆ ಬಲವಾದ ಅನುಮಾನ. ಆದರೂ ಸ್ಟೂಲಿನ ಮೇಲೆ ಕೂತು ಆ ಸನ್ನೆಯನ್ನು ತಾವೂ ಒಮ್ಮೆ, ನಿಧಾನವಾಗಿ, ಮಾಡಿ ನೋಡಿದರು.