ಬೆಳ್ಳಿ ಕಣ್ಣು, ಬೆಳ್ಳಿ ಕಾಲು

ರೊಟ್ಟಿ ಬಡಿಯುತ್ತಿದ್ದೆ. ಅಂಗೈಯೆಲ್ಲ ಜೋಳದ ಹಿಟ್ಟು. ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಂಡಾಗ ಕಿರುಬೆರಳಿನಿಂದ ಒತ್ತಿ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ. ಮುದ್ದೇಬಿಹಾಳದಿಂದ ಅಕ್ಕೋರ ತಮ್ಮ.

"ವೈನಿ, ಅಕ್ಕ ಹೋದಳ್ರಿ. ಮುಂಜಾನೆ ಚಾ ಕುಡಿಸಾಕ ಹೋದ್ರ ಬಾಯಿ ತಗೀಲಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗುವವರೆಗೂ ನಾನು ಅದನ್ನು ತಿರುವಲಿಲ್ಲ. ಅಳುವೂ ಬರಲಿಲ್ಲ. ಕಿವಿಯೊಳಗೆ ಒಂದು ಸಪ್ಪಳ ಮಾತ್ರ ಬಂತು. ಸರ್ರ್, ಟಪ್. ಸರ್ರ್, ಟಪ್. ಅಕ್ಕೋರು ನಮ್ಮ ಓಣಿಯಲ್ಲಿ ನಡೆದು ಬರುವ ಸಪ್ಪಳ. ಎಲ್ಲರ ಚಪ್ಪಲಿ ಹಿಮ್ಮಡದ ಕಡೆ ಸವೆದರೆ ಅವರ ಎಡಗಾಲಿನದು ಹೆಬ್ಬೆರಳ ತುದಿಯಲ್ಲಿ ಸವೆಯುತ್ತಿತ್ತು. ಕಾಲು ಎತ್ತಲು ಬಾರದೆ ನೆಲವನ್ನು ಗೀರಿಕೊಂಡು ಬರುತ್ತಿತ್ತು. ಅವರು ಸಿಂದಗಿ ಬಿಟ್ಟು ತಮ್ಮನ ಮನೆಗೆ ಹೋದ ಮೇಲೂ ಆ ಸಪ್ಪಳ ನಮ್ಮ ಓಣಿ ಬಿಟ್ಟು ಹೋಗಿರಲಿಲ್ಲ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಅವರ ಮನೆ ನಮ್ಮ ಗೋಡೆಗೆ ಹತ್ತಿಕೊಂಡ ಮನೆ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ತಾಯಿ ಜೊತೆಗಿದ್ದರು. ದಿನಾ ಬಸ್ಸು ಹತ್ತಿ ಕನ್ನೊಳ್ಳಿಯ ಸಾಲಿಗೆ ಹೋಗುವರು. ಹಾಜರಿ ಕರೆಯುವಾಗ ಪುಸ್ತಕ ನೋಡುತ್ತಿರಲಿಲ್ಲವಂತೆ, ಮಕ್ಕಳ ಮುಖ ನೋಡುತ್ತಿದ್ದರಂತೆ. ಬಾರದ ಮಗುವಿನ ಮನೆಗೆ ಸಾಲಿ ಬಿಟ್ಟ ಮೇಲೆ ಹೋಗಿ, ಕಟ್ಟೆಗೆ ಕೂತು, ಚಹಾ ಕುಡಿದು, ಯಾಕೆ ಬರಲಿಲ್ಲ ಎಂದು ತಿಳಿದುಕೊಂಡೇ ಬಸ್ಸು ಹತ್ತುತ್ತಿದ್ದರು. "ಬಂದವರನ್ನ ಯಾರರ ಎಣಿಸ್ತಾರ ವೈನಿ. ಬರದವರನ್ನ ಎಣಿಸಾಕಿ ಅಕ್ಕೋರು" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಬಲಗಣ್ಣು ಮಂಜಾಯಿತು. ಹಾಲಿನ ಕೆನೆ ಅಡ್ಡ ಬಂದಂಗ ಆಗೈತಿ ಅಂದರು. ತಾಯಿ ಊರ ಹೊರಗಿನ ದೇವಿಗೆ ಬೆಳ್ಳಿ ಕಣ್ಣು ಹರಕೆ ಹೊತ್ತರು. ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಯಿತು. ಕಣ್ಣು ಅರ್ಪಿಸಿ, ಓಣಿಗೆಲ್ಲ ಹೋಳಿಗೆ ಉಣಿಸಿದರು. ನಾನೂ ಉಂಡೆ, ನಾನೂ ಕೈ ಮುಗಿದೆ. ಇವತ್ತಿಗೂ ಮುಗಿಯುತ್ತೇನೆ. ಹೋದ ಕಣ್ಣು ಬಂದದ್ದು ಖರೆ.

ಮುಂದೆ ಕೆಲವು ವರ್ಷಕ್ಕೆ ಎಡಗಾಲು ಜೋಮು ಹಿಡಿಯಿತು. ತಾಯಿ ಈ ಸಲ ಬೆಳ್ಳಿ ಕಾಲು ಒಪ್ಪಿಸಿದರು. ಕಾಲು ಅರ್ಧ ಬಂತು, ಅರ್ಧ ಬರಲಿಲ್ಲ. "ದೇವಿ ಈ ಸಲ ಕಂತಿನ ಮ್ಯಾಲೆ ಕೊಡಾಕತ್ತಾಳ" ಎಂದು ಅಕ್ಕೋರು ನಕ್ಕರು. ಓಣಿ ನಗಲಿಲ್ಲ. ಹರಕೆಯೊಳಗೆ ಏನೋ ಕೊರತೆ ಬಿದ್ದಿದೆ, ಊರೊಳಗೆ ಯಾರಿಗೂ ಇಲ್ಲದ್ದು ಇವಳಿಗೇ ಯಾಕೆ ಬಂತು ಎಂದು ಅಂದರು. ಆ ಮಾತು ತಾಯಿಯ ಎದೆಗೆ ನಾಟಿತು. ಮಗಳ ಕಾಲು ಬರುವವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ದೇವಿಯ ಮುಂದೆ ಅಂದುಬಿಟ್ಟರು. ಸಪ್ಪನ್ನ ಸಪ್ಪನ್ನ ಉಂಡು ಆ ಮುದುಕಿ ಕೈಯೆಲ್ಲ ನಡುಗುವಂತಾದರು.

ಒಂದು ಹಬ್ಬದ ಮುಂಜಾನೆ ಬಿಸಿನೀರು ಮೈಮೇಲೆ ಹಾಕಿಕೊಂಡ ಅಕ್ಕೋರು ಬಚ್ಚಲಿನಿಂದ ಏಳಲೇ ಇಲ್ಲ. ನಾನು, ಅವರ ತಾಯಿ ಕೂಡಿ ಎತ್ತಿಕೊಂಡು ಬಂದೆವು. ಫ್ಯಾನಿನ ಕೆಳಗೆ ಮಲಗಿ ಮೈ ತಣ್ಣಗಾದ ಮೇಲೆ ತಾವೇ ಎದ್ದು ಕೂತರು. ಆಗ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆವು. ತಲೆಯ ಸ್ಕ್ಯಾನ್ ನೋಡಿ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಕವಚ ಅಲ್ಲಲ್ಲಿ ಕಿತ್ತು ಹೋಗುತ್ತದಂತೆ, ವೈರಿನ ಮೇಲಿನ ರಬ್ಬರು ಹೋದ ಹಾಗೆ. ಆ ಕಣ್ಣೂ ಇದೇ, ಈ ಕಾಲೂ ಇದೇ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕಾವು ತಾಗಿದರೆ ಸೋಲು ಹೆಚ್ಚು.

ಅಕ್ಕೋರು ಕೇಳಿದ್ದು ಔಷಧದ ಮಾತಲ್ಲ. "ನನ್ನಂಥವರು ದೇಶದಾಗ ಎಷ್ಟು ಮಂದಿ ಅದಾರ್ರಿ?"

"ನಮ್ಮ ದೇಶದಾಗ ಕಡಿಮಿ. ಚಳಿ ದೇಶದವರಿಗೆ ಜಾಸ್ತಿ. ಇಲ್ಲಿ ಲಕ್ಷಕ್ಕ ಕೆಲವರು ಅಂತಾರ" ಎಂದರು ಡಾಕ್ಟರು. "ಖರೆ ಲೆಕ್ಕ ಯಾರ ಕಡೇನೂ ಇಲ್ಲ ನೋಡ್ರಿ. ಸ್ಕ್ಯಾನ್ ಮಾಡಿಸಿದವರು ಸಿಗ್ತಾರ. ಹಳ್ಳ್ಯಾಗಿನವರು ನಮ್ಮ ತನಕ ಬರಂಗೇ ಇಲ್ಲ."

ತಿರುಗಿ ಬರುವ ಬಸ್ಸಿನಲ್ಲಿ ಇಂಡಿ ದಾಟುವವರೆಗೆ ಅಕ್ಕೋರು ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ, "ಲಕ್ಷಕ್ಕ ಕೆಲವರು ಅಂದ್ರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕೂಡಿಸಿ ನಾವು ಎಷ್ಟು ಲಕ್ಷ ಅದೀವಿ ವೈನಿ? ಅದರೊಳಗ ನಾನೊಬ್ಬಾಕಿ ಹೆಂಗ ಆಗ್ತೇನಿ? ಉಳಿದವರು ಎಲ್ಲಿ ಅದಾರ?"

"ಇರ್ತಾರ ಬಿಡ್ರಿ ಎಲ್ಲ್ಯರ."

"ಒಬ್ಬಾಕಿ ಸಿಕ್ಕರ ಸಾಕು. ಇದು ಶಾಪ ಅಲ್ಲ, ಜಡ್ಡು ಅಂತ ಅವ್ವಗ ಗೊತ್ತಾಗ್ತೈತಿ. ಉಪ್ಪು ತಿಂತಾಳ."

ಫೋನಿನಲ್ಲಿ ಹುಡುಕಿದಾಗ ಇದೇ ಜಡ್ಡಿನವರು ಪುಣೆ ಕಡೆ, ಬೆಂಗಳೂರು ಕಡೆ ಸಿಕ್ಕರು. ಅಕ್ಕೋರು ಫೋನಿನಲ್ಲೇ ಅವರ ಮುಖ ತೋರಿಸಿ ತಾಯಿಯ ಜೊತೆ ಮಾತನಾಡಿಸಿದರು. ತಾಯಿ ಎಲ್ಲರಿಗೂ ಶರಣು ಅಂದು, ಫೋನು ತಿರುಗಿಸಿ ಕೊಟ್ಟು, "ಅವರು ಬ್ಯಾರೆ ದೇವರ ಮಂದಿ. ನಮ್ಮ ದೇವಿ ಸಿಟ್ಟಾಗಿದ್ದು ನಮ್ಮ ಮ್ಯಾಲೆ" ಅಂದುಬಿಟ್ಟರು.

ಅಕ್ಕೋರು ಊರೂರು ಮನೆ ಎಣಿಸಿ ಗೊತ್ತಿದ್ದವರು. ಜನಗಣತಿಗೆ ಹೋಗಿದ್ದರು. "ಮನ್ಯಾಗ ನಳ ಐತೋ ಇಲ್ಲೋ, ಮ್ಯಾಲೆ ಮಾಳಿಗಿಯೋ ತಗಡಿನ ಪತ್ರಾಸೋ, ಎಲ್ಲಾ ಕೇಳೀನಿ. ಮೂಲ್ಯಾಗ ಮಲಗಿದಾಕಿ ಕಾಲು ಯಾಕ ಬರವಲ್ಲವು ಅಂತ ಕೇಳಾಕ ನನಗ ಯಾರೂ ಹೇಳಿರಲಿಲ್ಲ" ಎಂದರು. ಮತ್ತೆ ಮನೆ ಮನೆ ತಿರುಗುವುದು ಆ ಕಾಲಿಗೆ ಆಗುವ ಮಾತಲ್ಲ. ಅದಕ್ಕೆ ದೇವಿಯ ಗುಡಿಗೇ ಹೋದರು. ನಾನು ಕೈ ಹಿಡಿದಿದ್ದೆ. ದೇವಿಯ ಪಾದದ ಹತ್ತಿರ ತಾಟಿನ ತುಂಬ ಬೆಳ್ಳಿಯ ಕಣ್ಣುಗಳು. ಎಲ್ಲ ತೆರೆದಿದ್ದವು, ಒಂದೂ ಮುಚ್ಚಿರಲಿಲ್ಲ.

"ಪೂಜಾರಪ್ಪಾ, ಮೊದಲ ಕಣ್ಣು ಕೊಟ್ಟು, ಮುಂದ ಕಾಲೂ ಕೊಟ್ಟವರು ನನ್ನ ಬಿಟ್ಟು ಯಾರರ ಅದಾರೇನು?"

ಪೂಜಾರಿ ವಿಭೂತಿಯ ಬಟ್ಟಲು ಕೆಳಗಿಟ್ಟ. "ಕಣ್ಣು ಕೊಟ್ಟವರು ಭಾಳ. ಕಾಲು ಕೊಟ್ಟವರೂ ಭಾಳ. ಎರಡೂ ಅಂದ್ರ..." ಬಹಳ ಹೊತ್ತು ದೇವಿಯ ಮುಖವನ್ನೇ ನೋಡಿದ. "ನಾಲತವಾಡದ ಸೊಸಿ ಒಬ್ಬಾಕಿ. ಕಣ್ಣು ಕೊಟ್ಟಾಗ ನಡದು ಬಂದಿದ್ದಳು. ಕಾಲು ಕೊಟ್ಟಾಗ ಗಂಡನ ಬೆನ್ನ ಮ್ಯಾಲೆ ಬಂದಳು. ಆಮ್ಯಾಲ ಬರಲಿಲ್ಲ."

"ಬರಲಿಲ್ಲ" ಎಂದು ಅಕ್ಕೋರು ತಿರುಗಿ ಅಂದರು. ಹಾಜರಿ ಕರೆದು ಮುಗಿಸಿದವರ ಮುಖ ಅದು.

ಚಳಿ ಬೀಳಲೆಂದು ಕಾದು ನಾಲತವಾಡಕ್ಕೆ ಹೋದೆವು. ಪೂಜಾರಿ ಹೇಳಿದ ಗುರುತಿನ ಮೇಲೆ ಮನೆ ಸಿಕ್ಕಿತು. ಅಂಗಳದಲ್ಲಿ ಅತ್ತೆ ತೊಗರಿ ಕೇರುತ್ತ ಕೂತಿದ್ದಳು. ಬಂದ ಕಾರಣ ಹೇಳಿದೆವು. ಮೊರ ನಿಲ್ಲಲಿಲ್ಲ.

"ಆಕಿ ಹೋಗಿ ಭಾಳ ದಿನ ಆತು. ಈಗ ಕೇಳಾಕ ಬಂದೀರಿ?"

"ಬಿಸಿಲಿಗೆ ಕಾಲು ಸೋಲ್ತಿದ್ದವೇನ್ರಿ ಅವರಿಗೆ?" ಅಕ್ಕೋರು ಮೆಲ್ಲಗೆ ಕೇಳಿದರು.

ಆಗ ಮೊರ ನಿಂತಿತು. "ಬ್ಯಾಸಿಗ್ಯಾಗ ಕಟ್ಟಿಗಿ ಆಗ್ತಿದ್ದಳು. ತಣ್ಣೀರು ಹಾಕ್ರಿ, ತಣ್ಣೀರು ಹಾಕ್ರಿ ಅಂತ ಒದರಾಕಿ. ಲಕ್ವಾ ಹೊಡದವರಿಗೆ ತಣ್ಣೀರು ಯಾರು ಹಾಕ್ತಾರವ್ವಾ? ಬೇವಿನ ತಪ್ಪಲಾ ಹಾಕಿ ಕುದಿಸಿದ ನೀರು ಎರದ್ವಿ. ಚಲೋ ಆಗಲಿ ಅಂತ ಎರದ್ವಿ. ದಿನಾ ಎರದ್ವಿ."

ಮುದುಕಿ ಅಕ್ಕೋರ ಚಪ್ಪಲಿಯನ್ನು ನೋಡಿದಳು, ಎಡಗಾಲಿನದನ್ನು.

"ನಿನಗೂ ಅದೇ ಏನು?"

"ಹೌದ್ರಿ."

ಎದ್ದು ಒಳಗೆ ಹೋದಳು. ಮಣ್ಣಿನ ಕೊಡದಿಂದ ಒಂದು ಚರಿಗೆ ನೀರು ತಂದಳು. ಕುಡಿಯಲು ಎಂದು ನಾನು ಕೈ ಚಾಚಿದೆ. ಆಕೆ ನನ್ನನ್ನು ದಾಟಿ ಹೋಗಿ ಅಕ್ಕೋರ ಪಾದದ ಮೇಲೆ ಸುರಿದಳು. ಆ ಚಳಿಯಲ್ಲಿ. ಅಕ್ಕೋರು ಕಾಲು ಹಿಂದೆ ತೆಗೆಯಲಿಲ್ಲ.

"ಸ್ಕ್ಯಾನಿಲ್ಲ, ಡಾಕ್ಟರಿಲ್ಲ. ಯಾವ ದೇಶದ ಲೆಕ್ಕಕ್ಕೂ ಆಕಿ ಬರಂಗಿಲ್ಲ ವೈನಿ" ಎಂದು ತಿರುಗಿ ಬರುವಾಗ ಅಂದರು. "ಇದೇ ಜಡ್ಡು ಅಂತ ನಾನೂ ಆಣಿ ಮಾಡಿ ಹೇಳಾಕ ಬರಂಗಿಲ್ಲ. ಆದ್ರ ನನ್ನ ಹಾಜರ್ಯಾಗ ಆಕಿ ಬಂದಳು."

ಮನೆಯಲ್ಲಿ ತಾಯಿ ಎಲ್ಲ ಕೇಳಿದರು. "ಹುಡುಗಿ ಹೆಸರೇನು?" ಅಂದರು. ಮಗಳು ಹೇಳಿದರು. ತಾಯಿ ಎದ್ದು, ಉಪ್ಪಿನ ಗಡಿಗೆಗೆ ಕೈ ಹಾಕಿ, ತಾಟಿನ ಅಂಚಿಗೆ ಚಿಟಿಕೆ ಉಪ್ಪು ಹಾಕಿಕೊಂಡು ಬಂದು ಕೂತರು. ಉಣ್ಣುವಾಗ ಕಣ್ಣೀರು ಇಳಿಯುತ್ತಿತ್ತು. ಯಾರಿಗಾಗಿ ಅತ್ತರೋ, ನಾನು ಕೇಳಲಿಲ್ಲ.

ತಾಯಿ ತೀರಿದ ಮೇಲೆ ತಮ್ಮ ಬಂದು ಅಕ್ಕೋರನ್ನು ಕರೆದುಕೊಂಡು ಹೋದ. ಒಳ್ಳೆಯ ತಮ್ಮ. ಅಕ್ಕನ ಕೋಣೆಗೆ ಮೊದಲು ಕೂಲರ್ ಹಾಕಿಸಿದ, ಆಮೇಲೆ ತನ್ನ ಕೋಣೆಗೆ. ಹೋದ ಬೇಸಿಗೆ ಅವರು ನಿದ್ದೆ ಮಾಡಿದರು. ಶಿವನ ದಯೆ ಹೀಗೆ ಸಣ್ಣ ಸಣ್ಣದಾಗಿ ಬರುತ್ತದೆ, ನಾನು ಸಣ್ಣದನ್ನೇ ಎಣಿಸುತ್ತೇನೆ. ಆದರೂ ನಮ್ಮ ಬಚ್ಚಲ ಒಲೆ ಹೊತ್ತಿಸಿದಾಗಲೆಲ್ಲ, ನಾನು ಮುಖ ಕೂಡ ಕಾಣದ ಆ ನಾಲತವಾಡದ ಸೊಸೆ ಹಂಡೆಯ ಹಿಂದಿನಿಂದ ತಣ್ಣೀರು ಕೇಳುತ್ತಾಳೆ. ಇಷ್ಟು ದೊಡ್ಡ ದೇಶದಲ್ಲಿ ಎಷ್ಟು ಬಚ್ಚಲುಗಳಿವೆಯೋ.

ಕೊನೆಯ ಸಲ ಹೋದಾಗ ಅಕ್ಕೋರ ಮಾತು ತೊದಲುತ್ತಿತ್ತು. ನನ್ನ ಮುಂಗೈ ಹಿಡಿದು ಕೇಳಿದ್ದು ಒಂದೇ: "ಮಂದೀನ್ನ ಕೇಳಾಕತ್ತೀರಿ ಹೌದಿಲ್ಲೋ?"

"ಕೇಳ್ತೇನ್ರಿ. ಕಾಲು ಎಳಿಯಾಕಿ ಯಾರು ಕಂಡರೂ ಕೇಳ್ತೇನಿ."

ಇವತ್ತು ಫೋನು ಇಟ್ಟ ಮೇಲೆ ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಓಣಿಯಲ್ಲಿ ಮತ್ತೆ ಅದೇ ಸಪ್ಪಳ. ಸರ್ರ್, ಟಪ್. ಈ ಸಲ ಅದು ಕಿವಿಯೊಳಗಿನದಾಗಿರಲಿಲ್ಲ. ಬಾಗಿಲಿಗೆ ಬಂದೆ. ಯಂಕಂಚಿಯಿಂದ ಮೊಸರು ತರುವ ಹುಡುಗಿ, ತಲೆಯ ಮೇಲೆ ಗಡಿಗೆ, ಎಡಗಾಲು ಎಳೆದುಕೊಂಡು ಬಂದು ನಮ್ಮ ಗೋಡೆ ಹಿಡಿದು ನಿಂತಳು.

"ಯಾಕವ್ವಾ, ಕಾಲಿಗೇನಾತು?"

"ಮುಳ್ಳು ಮುರದೈತ್ರಿ ವೈನಿ."

"ಬರೇ ಮುಳ್ಳೇ? ಮೊದಲೊಮ್ಮೆ ಕಣ್ಣು ಮಂಜಾಗಿತ್ತೇನು?"

"ನನ್ನ ಕಣ್ಣಿಗೇನಾಗೈತ್ರಿ. ನಿಮ್ಮ ಹೆಂಚಿನ ಮ್ಯಾಲೆ ರೊಟ್ಟಿ ಸುಟ್ಟಿದ್ದು ಇಲ್ಲಿಂದ ಕಾಣಾಕತ್ತೈತಿ."

ಕೂಡಿಸಿ, ಪಾದ ತೊಡೆಯ ಮೇಲಿಟ್ಟುಕೊಂಡು, ಸೂಜಿಯಿಂದ ಮುಳ್ಳು ತೆಗೆದೆ. ಜಾಲಿಯ ಮುಳ್ಳು, ಬರೇ ಮುಳ್ಳೇ. ಅದನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಕಣ್ಣಿಗೆ ಒತ್ತಿಕೊಂಡೆ. ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಕೊಡದ ತಣ್ಣೀರು ತಂದು ಅವಳ ಪಾದಕ್ಕೆ ಸುರಿದೆ.

ಸತ್ತವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮುದ್ದೇಬಿಹಾಳಕ್ಕೆ ಬುತ್ತಿ ಒಯ್ಯಬೇಕು. ಕಲಸಿಟ್ಟ ಹಿಟ್ಟು ಒಣಗಿ ಸೀಳು ಬಿಟ್ಟಿತ್ತು. ಸುಟ್ಟ ರೊಟ್ಟಿ ತೆಗೆದು, ಹೊಸ ಹಿಟ್ಟು ಜರಡಿ ಹಿಡಿದು, ಎಸರಿಗೆ ನೀರು ಇಟ್ಟೆ.