ಬೀಗರ ಕುದುರೆಗೆ ಹೊಡೆದ ಮೊಳೆ

ನನಗೆ ಕುದುರೆ ಓಡಿಸಲು ಬರುವುದಿಲ್ಲ. ಜೀವನದಲ್ಲಿ ಒಮ್ಮೆ ಹತ್ತಿದ್ದೆ, ಅದೇ ನನ್ನನ್ನು ಇಳಿಸಿತು. ಆದರೂ ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಊರಲ್ಲಿ ಕುದುರೆ ಗಾಡಿ ಓಟದ ಶರ್ಯತ್ತು ಇದ್ದರೂ, ಅದಕ್ಕೆ ನಾಲ್ಕು ದಿನ ಮೊದಲು ಬೈಲಹೊಂಗಲದ ನನ್ನ ಕುಲುಮೆಯ ಮುಂದೆ ಜನ ಬಂದು ಕೂರುತ್ತಿದ್ದರು. ನಾನು ಕುದುರೆಗೆ ಲಾಳ, ನಮ್ಮ ಮಾತಿನಲ್ಲಿ ನಾಲ, ಹೊಡೆಯುವವನು. ನಾಲ್ಕೂ ಕಾಲಿಗೆ ಹೊಡೆದು ಮುಗಿಸಿದ ಮೇಲೆ ಕುದುರೆಯ ಕುತ್ತಿಗೆ ತಟ್ಟಿ "ಓಡ್ತೈತಿ" ಅಂದರೆ ಮಾಲೀಕ ಅಲ್ಲೇ ತೆಂಗಿನಕಾಯಿ ಒಡೆಯುತ್ತಿದ್ದ. ಏನೂ ಅನ್ನದೆ ಕೈ ತೊಳೆದುಕೊಂಡು ಕೂತರೆ ಕಾಯಿಯನ್ನು ಚೀಲದಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದ. ಒಮ್ಮೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಇದನ್ನು ಕಲಿಸಿದವನು ನನ್ನಪ್ಪ. ಕಲಿಸಿದ ರೀತಿಯೂ ವಿಚಿತ್ರ. ಅಂಗಳದ ಹಾಸುಗಲ್ಲಿನ ಮೇಲೆ ಕುದುರೆಯನ್ನು ನಡೆಸಲು ಹೇಳಿ, ನನ್ನನ್ನು ಗೋಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದ. "ಮೈ ನೋಡಬ್ಯಾಡ. ಮಾಲಕ ಎಣ್ಣಿ ಹಚ್ಚಿ ಮಿಂಚಿಸಿರತಾನ. ಕಾಲಿನ ಸಪ್ಪಳ ಕೇಳು," ಅನ್ನುತ್ತಿದ್ದ. ನಾಲ್ಕು ಕಾಲೂ ಒಂದೇ ತೂಕದಲ್ಲಿ ಕಲ್ಲಿಗೆ ಬೀಳಬೇಕು. ಒಂದು ಹಗುರವಾಗಿ ಬಿದ್ದರೆ ಅಲ್ಲಿ ನೋವಿದೆ ಎಂದು ಅರ್ಥ. ಕುದುರೆ ಆ ಕಾಲಿನ ಮೇಲೆ ಭಾರ ಹಾಕಲು ಹೆದರುತ್ತಿದೆ. ನನಗೆ ಇದು ಕಿವಿಗೆ ಹತ್ತಲು ಆರೇಳು ವರ್ಷ ಬೇಕಾಯಿತು. ನನ್ನ ಮಗಳಿಗೆ ಆರು ತಿಂಗಳೂ ಬೇಕಾಗಲಿಲ್ಲ. ಶಾಲೆಯ ಚೀಲ ಬಿಸಾಡಿ ಬಂದು ಕುಲುಮೆಯ ಕಟ್ಟೆಯ ಮೇಲೆ ಕೂತು, "ಅಪ್ಪಾ, ಹಿಂದಿನ ಬಲಗಾಲು," ಎಂದು ಗಿರಾಕಿಗಳ ಮುಂದೆಯೇ ಹೇಳಿಬಿಡುತ್ತಿದ್ದಳು. ಒಬ್ಬಳೇ ಮಗಳು, ಬಾಯಿ ಜೋರು, ನನಗೆ ಹೆಮ್ಮೆ.

ಅವಳನ್ನು ರಾಮದುರ್ಗಕ್ಕೆ ಕೊಟ್ಟೆ. ಬೀಗರು ನಮ್ಮ ಜಾತಿಯವರೇ, ಆದರೆ ಕುಲುಮೆ ಬಿಟ್ಟು ಎರಡು ತಲೆಮಾರು ಆಗಿತ್ತು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಎರಡು ಅಂತಸ್ತಿನ ಮನೆ. ಕೈಗೆ ಮಸಿ ಹತ್ತುವ ಕೆಲಸದ ಮಾತೆತ್ತಿದರೆ ಅವರಿಗೆ ಮುಜುಗರ. "ನಮ್ಮ ಮನಿ ಸೊಸಿ ಕುದುರಿ ಕಾಲು ಹಿಡಿಯೂದು ನಮಗ ಶೋಭಾ ಅಲ್ಲ," ಎಂದು ಮದುವೆಯ ಮಾತುಕತೆಯಲ್ಲೇ ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ, ಮೂರ್ಖ. ಕುದುರೆ ಕಟ್ಟುವ ಚಟ ಮಾತ್ರ ಬೀಗರಿಗೆ ಬಿಟ್ಟಿರಲಿಲ್ಲ. ಶರ್ಯತ್ತಿನಲ್ಲಿ ಗಾಡಿ ಹೊಡೆಯುವವನು ಅವರ ಮಗ, ಅಂದರೆ ನನ್ನ ಅಳಿಯ.

ಮದುವೆಯಾದ ಮರುವರ್ಷ ಬೀಗರು ಒಂದು ಬಿಳಿ ಕುದುರೆ ಕೊಂಡು ತಂದರು. ನಾನು ಲಾಳ ಹೊಡೆದು, ಕೈ ತೊಳೆದು, ಸುಮ್ಮನೆ ಕೂತೆ. ಅವರು ಅದನ್ನು ಮಾರಿದರು. ಕೊಂಡವನು ಕಿತ್ತೂರ ಕಡೆಯ ಶರ್ಯತ್ತಿನಲ್ಲಿ ಅದೇ ಕುದುರೆ ಓಡಿಸಿ ಬಹುಮಾನ ಹೊಡೆದ! ನಾನು ತಪ್ಪಿದ್ದೆನೋ, ಅವನ ಅದೃಷ್ಟವೋ, ಇವತ್ತಿಗೂ ಗೊತ್ತಿಲ್ಲ. ಆದರೆ ಅದರ ಫಲ ಉಂಡವಳು ನನ್ನ ಮಗಳು. ಊಟಕ್ಕೆ ಬಡಿಸುವಾಗ, ನೀರು ಕೊಡುವಾಗ, ಬಂದವರ ಮುಂದೆ, ಹೋದವರ ಮುಂದೆ, "ಇವರಪ್ಪಂದು ಕರಿ ನಾಲಿಗಿ" ಅನ್ನುವುದೇ ಆಯಿತು. ಆ ವರ್ಷ ನಾಗರಪಂಚಮಿಗೆ ಅವಳನ್ನು ತವರಿಗೆ ಕಳಿಸಲಿಲ್ಲ. ನನ್ನ ಹೆಂಡತಿ ಉಂಡಿ ಕಟ್ಟಿ ಡಬ್ಬಿ ತುಂಬಿಸಿಟ್ಟು ಮೂರು ದಿನ ಬಾಗಿಲು ನೋಡಿದಳು. ನಾಲ್ಕನೆಯ ದಿನ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿ, "ತಿನ್ರಿ, ಎಲ್ಲಾ ನೀವ ತಿನ್ರಿ," ಅಂದಳು.

ಇಷ್ಟೆಲ್ಲ ಆದ ಮೇಲೆ ಈ ಕೆಂಪು ಕುದುರೆ ಬಂತು.

ಸವದತ್ತಿಯ ಆಚೆ, ಹೂಲಿಯ ಕಡೆ ದೊಡ್ಡ ಶರ್ಯತ್ತು, ಭಾನುವಾರ. ಅದರ ಹಿಂದಿನ ಸೋಮವಾರ ಬೆಳಿಗ್ಗೆಯೇ ಬೀಗರು ಪಿಕಪ್ ವಾಹನದಲ್ಲಿ ಕುದುರೆ ನಿಲ್ಲಿಸಿಕೊಂಡು ಬಂದರು. ಜೊತೆಗೆ ಅಳಿಯ, ಊರಿನ ನಾಲ್ಕು ಜನ, ಕುಂಕುಮ ಹಚ್ಚಿದ ಕಾಯಿ. ಒಬ್ಬನ ಕೈಯಲ್ಲಿ ಮೊಬೈಲ್ ಆಗಲೇ ಎದ್ದಿತ್ತು.

"ಬೀಗರ, ಈ ಸಲ ಚಲೋ ನುಡೀರಿ. ವಿಡಿಯೋ ಮಾಡಿ ಗ್ರೂಪಿಗೆ ಹಾಕತೇವಿ," ಅಂದರು ಬೀಗರು.

"ಮೊದಲ ಚಹಾ ಕುಡೀರಿ," ಅಂದೆ ನಾನು.

ಅಳಿಯ ಕುದುರೆಯನ್ನು ಹಾಸುಗಲ್ಲಿನ ಮೇಲೆ ನಡೆಸಿದ. ನಾನು ಗೋಡೆಗೆ ಮುಖ ಮಾಡಿ ಕೂತೆ. ಎಂಥ ಕುದುರೆ ಅಂತೀರಿ! ಮೂರು ಕಾಲು ಕಲ್ಲಿನ ಮೇಲೆ ಖಣಖಣ ಬೀಳುತ್ತಿದ್ದವು. ಮುಂದಿನ ಎಡಗಾಲು ಮಾತ್ರ ಬಿತ್ತೋ ಇಲ್ಲವೋ ಎಂಬಂತೆ ಬೀಳುತ್ತಿತ್ತು. ಎದ್ದು ಹೋಗಿ ಮೊಣಕಾಲ ಕೆಳಗೆ ಅಂಗೈ ಇಟ್ಟೆ. ಹಿಂಬದಿಯ ನರ ದಪ್ಪಗಾಗಿ ಬಿಸಿಯಾಗಿತ್ತು. ತಿಂಗಳುಗಟ್ಟಲೆ ಕಟ್ಟಿಹಾಕಿ ವಿಶ್ರಾಂತಿ ಕೊಡಬೇಕಾದ ಕಾಲು ಅದು. ಶರ್ಯತ್ತಿನ ವೇಗಕ್ಕೆ ಆ ನರ ಹರಿದರೆ ಕುದುರೆ ಮುಂದಕ್ಕೆ ಮುಗ್ಗರಿಸುತ್ತದೆ, ಹಗುರ ಗಾಡಿ ಅದರ ಮೇಲೆ ಮಗುಚುತ್ತದೆ, ಹಗ್ಗ ಹಿಡಿದವನು ಗಾಲಿಯ ಕೆಳಗೆ. ಹಗ್ಗ ಹಿಡಿಯುವವನು ನನ್ನ ಅಳಿಯ.

ಹೇಳಿಬಿಡಬೇಕು ತಾನೆ? ಓದುವ ನಿಮಗೆ ಹಾಗೇ ಅನ್ನಿಸುತ್ತದೆ. ನಾನು ಎರಡೂ ಕಡೆ ತೂಗಿ ನೋಡಿದೆ. ಓಡುವುದಿಲ್ಲ ಅಂದರೆ ಮಗಳು ಮತ್ತೆ ಆ ಮನೆಯಲ್ಲಿ ವರ್ಷಗಟ್ಟಲೆ ಕರಿ ನಾಲಿಗೆಯವನ ಮಗಳು. ಓಡುತ್ತದೆ ಅಂದರೆ ಅವಳ ಗಂಡನ ಜೀವಕ್ಕೇ ಸಂಚಕಾರ. ಅಳಿಯನ ಮುಖ ನೋಡಿದೆ. ಅವನು ನೆಲ ನೋಡುತ್ತ ನಿಂತಿದ್ದ. ಮೊಬೈಲ್ ಹಿಡಿದವನು ನನ್ನ ಸುತ್ತ ಸುತ್ತುತ್ತಿದ್ದ. ಅವನ ಕೈಯಿಂದ ಅದನ್ನು ಕಿತ್ತು ಕುಲುಮೆಯ ಬೆಂಕಿಗೆ ಹಾಕಬೇಕೆನಿಸಿತು. ಸುಮ್ಮನೆ ಲಾಳ ಕಾಯಿಸಿದೆ, ಬಡಿದೆ, ಮೂರು ಕಾಲಿಗೆ ಹೊಡೆದೆ. ಬೆವರು ಕಣ್ಣಿಗಿಳಿಯುತ್ತಿತ್ತು.

ನಾಲ್ಕನೆಯದು ಮುಂದಿನ ಬಲಗಾಲು. ಗಟ್ಟಿ ಕಾಲು. ಅದರ ಗೊರಸು ಕೈಯಲ್ಲಿ ಹಿಡಿದಾಗ ನನಗೆ ಆ ದರಿದ್ರ ಉಪಾಯ ಹೊಳೆಯಿತು. ಲಾಳದ ಮೊಳೆ ಗೊರಸಿನ ಹೊರಗೋಡೆಯಲ್ಲೇ ಹೋಗಬೇಕು. ಕೂದಲಷ್ಟು ಒಳಗೆ ಸರಿದರೆ ಜೀವವಿರುವ ಕಡೆ ಒತ್ತುತ್ತದೆ. ಅವತ್ತು ಗೊತ್ತಾಗುವುದಿಲ್ಲ, ಎರಡು ದಿನಕ್ಕೆ ಕುಂಟುತ್ತದೆ. ಮೊಳೆ ಕಿತ್ತರೆ ವಾಸಿ, ಆದರೆ ಕುಲುಮೆ ಬಿಟ್ಟವರಿಗೆ ಅದು ಹೊಳೆಯುವುದಿಲ್ಲ. ಕುದುರೆ ಕುಂಟಿದರೆ ಅವರೇ ಶರ್ಯತ್ತು ಬಿಡುತ್ತಾರೆ. ನಾನು ಬೇಡ ಅಂದ ಹಾಗೂ ಆಗುವುದಿಲ್ಲ, ಅಳಿಯನೂ ಉಳಿಯುತ್ತಾನೆ. ನನ್ನಪ್ಪ ನೋಡಿದ್ದರೆ ಅದೇ ಸುತ್ತಿಗೆಯಿಂದ ನನ್ನ ಬೆರಳು ಜಜ್ಜುತ್ತಿದ್ದ. ಆದರೂ ಹೊಡೆದೆ. ಕೈ ನಡುಗಲಿಲ್ಲ, ಅದೇ ನನಗೆ ಈಗಲೂ ನಾಚಿಕೆ. ಎದ್ದು ಕುದುರೆಯ ಕುತ್ತಿಗೆ ತಟ್ಟಿ, ಮೊಬೈಲ್ ಕಡೆ ನೋಡಿ, "ಓಡ್ತೈತಿ," ಅಂದೆ. ಬೀಗರು ಕಾಯಿ ಒಡೆದು ನನ್ನನ್ನು ತಬ್ಬಿಕೊಂಡರು.

ಬುಧವಾರ ಫೋನು ಬರಬೇಕಿತ್ತು, ಕುದುರೆ ಕುಂಟುತ್ತಿದೆ ಎಂದು. ಬರಲಿಲ್ಲ. ಗುರುವಾರವೂ ಇಲ್ಲ. ನಾನು ಫೋನನ್ನು ಅಂಗಿಯ ಜೇಬಿನಿಂದ ತೆಗೆದು ನೋಡುವುದು, ಮತ್ತೆ ಇಡುವುದು. "ಯಾರಿಗೆ ಕಾಯಾಕ ಹತ್ತೀರಿ?" ಎಂದು ಹೆಂಡತಿ ಕೇಳಿದರೆ ಅವಳ ಮೇಲೆ ಹರಿಹಾಯ್ದೆ. ಶುಕ್ರವಾರ ಬೆಳಿಗ್ಗೆ ಮಗಳದೇ ಫೋನು ಬಂತು. ದನಿ ಸಣ್ಣಗಿತ್ತು.

"ಅಪ್ಪಾ, ಯಾರಿಗೂ ಹೇಳಬ್ಯಾಡ. ಕುದುರಿ ಬಲಗಾಲಿನ ಮೊಳಿ ಒಂದು ಒಳಗ ಸರದಿತ್ತು. ಬುಧವಾರ ಕಾಲು ಎತ್ತಾಕ ಹತ್ತಿತ್ತು. ಮನ್ಯಾಗ ಯಾರೂ ಇಲ್ಲದಾಗ ನಾನ ಕಿತ್ತು ತಗದು ಅರಿಷಿಣ ತುಂಬೀನಿ. ಈಗ ಕುಂಟೂದಿಲ್ಲ. ನಿನ್ನ ಹೆಸರು ಕೆಡಬಾರದಂತ ಸುಮ್ಮನದೀನಿ."

"ಯವ್ವಾ, ಎಂಥಾ ಕೆಲಸಾ ಮಾಡಿದಿ! ಅದನ್ನ ನಾನ ಬೇಕಂತ ಹೊಡದಿದ್ದೆ," ಅಂದೆ.

"ಎಡಗಾಲು ಸಲುವಾಗಿ?" ಅಂದಳು.

"ನಿನಗ ಗೊತ್ತೈತಿ?"

"ತಿಂಗಳಾತು. ಅಂಗಳದಾಗ ಅಡ್ಡಾಡೂದು ಕೇಳಸ್ತೈತಲ್ಲ. ನಾ ಹೇಳಿದ್ರ ಯಾರ ಕೇಳ್ತಾರ? ಅದಕ್ಕ ನಮ್ಮಪ್ಪನ ಕಡೆನ ನಾಲ ಹೊಡಸ್ರಿ ಅಂತ ಮಾವಾರ ಬೆನ್ನ ಹತ್ತಿದ್ದೆ. ನೀ ಹೇಳ್ತಿ ಅಂತ." ಅವಳ ದನಿ ಒಡೆಯಿತು. "ವಿಡಿಯೋದಾಗ ನೀ ಓಡ್ತೈತಿ ಅಂದದ್ದು ನೋಡಿ, ನನ್ನ ಕಿವಿನ ತಪ್ಪಿರಬೇಕು ಅನಕೊಂಡೆ ಅಪ್ಪಾ."

ನನಗೆ ಅಳು ಬಂತು. ಮರೆಮಾಚುವುದೇನಿದೆ, ಅತ್ತೆ. ಅವಳಿಗಾಗಿ ಬಾಯಿ ಮುಚ್ಚಿಕೊಂಡೆ ಅಂದುಕೊಂಡಿದ್ದೆ. ಅವಳು ನನ್ನ ಬಾಯಿಯನ್ನೇ ನಂಬಿ ಕೂತಿದ್ದಳು.

ಹತ್ತು ಗಂಟೆಯ ಬಸ್ಸು ಹಿಡಿದು ಸವದತ್ತಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ರಾಮದುರ್ಗ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ, ಜೋಡಿಸಿದ್ದು ಜೋಡಿಸಿದ ಹಾಗೆ ಬಿದ್ದುಹೋಗುತ್ತಿತ್ತು. ಬೀಗರ ಅಂಗಳದಲ್ಲಿ ಏಳೆಂಟು ಜನ ಶರ್ಯತ್ತಿನ ಗಾಡಿಯ ಅಚ್ಚಿಗೆ ಗ್ರೀಸ್ ಹಚ್ಚುತ್ತಿದ್ದರು. "ಬರ್ರಿ ಬರ್ರಿ! ನಾಲ್ಕು ತಾಲೂಕಿನ್ಯಾಗ ನಿಮ್ಮ ವಿಡಿಯೋ ಓಡಾಕ ಹತ್ತೈತಿ," ಎಂದು ಬೀಗರು ಎದ್ದು ಬಂದರು. ಅವರನ್ನು ಒಳಗೆ ಪಡಸಾಲೆಗೆ ಕರೆದುಕೊಂಡು ಹೋಗಿ, ನಿಂತಲ್ಲೇ ಹೇಳಿದೆ: "ನಾ ಸುಳ್ಳು ಹೇಳೇನ್ರಿ. ಕುದುರಿ ಓಡಂಗಿಲ್ಲ. ಓಡಿದ್ರ ಅಳಿಯಂದಿರು ಉಳಿಯಂಗಿಲ್ಲ."

ನಾನು ಯಾವ ಕಾಲು ಎಂದು ಹೇಳಿರಲಿಲ್ಲ. ಬೀಗರು ಕಿಟಕಿಯಾಚೆ ಕಟ್ಟಿದ್ದ ಕುದುರೆಯ ಎಡಗಾಲನ್ನೇ ನೋಡಿದರು. ಕುರ್ಚಿ ಎಳೆದುಕೊಂಡು ಕೂತರು. ದನಿ ತಗ್ಗಿಸಿ, "ನೀವ ಬ್ಯಾಡ ಅಂದಿದ್ರ ಬಿಡತಿದ್ದೆ. ಈಗ ಎಲ್ಲಾರೂ ನೋಡ್ಯಾರ. ಯಾವ ಮಾರಿ ಇಟ್ಟಕೊಂಡು ಹಿಂದ ಸರೀಲಿ, ನೀವ ಹೇಳ್ರಿ," ಅಂದರು. ಮೊದಲ ಸಲ ಆ ಮನುಷ್ಯನ ಮೇಲೆ ನನಗೆ ಕನಿಕರ ಬಂತು. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.

"ನಾಲ ಹೊಡದಾಂವ ಮೊಳಿ ಕೆಡಿಸಿದಾ ಅಂತ ಹೇಳ್ರಿ," ಅಂದೆ.

ಅವರು ನನ್ನನ್ನೇ ನೋಡಿದರು. ಬೇಡ ಅನ್ನಲಿಲ್ಲ.

ನಾನೇ ಹೊರಗೆ ಹೋದೆ. ಗಾಡಿಯ ಸುತ್ತ ಇದ್ದವರ ಮುಂದೆ ಬಲಗಾಲು ಎತ್ತಿ, ಮೊಳೆ ಕಿತ್ತ ತೂತು ತೋರಿಸಿ, "ಕೈ ತಪ್ಪಿತ್ರಿ. ಮೊಳಿ ಒಳಗ ಹೊಡದೇನಿ. ಈ ಕುದುರಿ ಓಡಿಸಬ್ಯಾಡ್ರಿ," ಅಂದೆ. ಬೀಗರು ಹಿಂದಿನಿಂದ ಬಂದು ಬೈಯತೊಡಗಿದರು. ಶುರುವಿನಲ್ಲಿ ಜನರಿಗೆ ಕೇಳಿಸಲಿ ಎಂದು ಬೈದರು, ಬರಬರುತ್ತ ನಿಜವಾಗಿಯೇ ಬೈದರು. ವಯಸ್ಸಾಯಿತು, ಕಣ್ಣು ಹೋಯಿತು, ಕಸುಬು ಬಿಟ್ಟು ಮನೆಯಲ್ಲಿ ಕೂರಬಾರದೆ, ಬೀಗ ಅಂತ ಬಿಟ್ಟಿದ್ದೇನೆ ಎಂದೆಲ್ಲ. ಬಾಗಿಲಲ್ಲಿ ನನ್ನ ಮಗಳು ಸೆರಗು ಬಾಯಿಗೊತ್ತಿ ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟಳು. ಬೇಡ ಎಂದು ತಲೆಯಾಡಿಸಿದೆ. ಅವಳು ಅಲ್ಲೇ ನಿಂತಳು. ಯಾರೋ ಅದನ್ನೂ ವಿಡಿಯೋ ಮಾಡಿದರು. ಭಾನುವಾರ ಕುದುರೆ ಓಡಲಿಲ್ಲ. ಅವತ್ತಿನಿಂದ ನನ್ನ ಕುಲುಮೆಗೆ ಒಂದು ಕುದುರೆಯೂ ಬಂದಿಲ್ಲ. ಈಗ ಗೇಟು, ಕಿಟಕಿಯ ಸರಳು ಮಾಡುತ್ತೇನೆ.

ಅವತ್ತು ಸಂಜೆ ಅಳಿಯ ನನ್ನನ್ನು ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ. ನಾನು ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು ನಿಂತ.

"ಮಾವಾರ, ನನಗೂ ಗೊತ್ತಿತ್ರಿ. ಹಗ್ಗಾ ಹಿಡದ್ರ ಕೈಗೆ ಗೊತ್ತಾಗತಿತ್ತು," ಅಂದ.

ನನಗೆ ಸಿಟ್ಟು ನೆತ್ತಿಗೇರಿತು. "ಜೀವಾ ನಿಂದ ಹೋಗತಿತ್ತಲ್ಲೋ! ಬಾಯಿ ಇರಲಿಲ್ಲ ನಿನಗ? ಯಾಕ ಹೇಳಲಿಲ್ಲ?"

ಬಸ್ಸು ಹೊರಟಿತ್ತು. ಅವನು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದ.

"ನೀವ ಹೇಳಲಿಲ್ಲಲ್ರಿ," ಅಂದ.